ನೋಡಲು ಕಿಟಕಿ, ತಿರುಗಿಸಲು ಬೀಗ

ನಾಲೆಗೆ ನೀರು ಬಿಟ್ಟ ವಾರದಲ್ಲಿ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಹಳ್ಳಿಗಳಲ್ಲಿ ಉಭಯಕುಶಲೋಪರಿಗಿಂತ ಮೊದಲು ಬರುವ ಮಾತು ಒಂದೇ: ‘ನೀರು ಬಂತಾ?’ ನಾಲೆಯ ತಲೆಭಾಗದವರಿಗೆ ಈ ಚಿಂತೆ ಕಡಿಮೆ. ಕೊನೆಭಾಗದ ರೈತ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ರಾತ್ರಿ ಟಾರ್ಚ್ ಹಿಡಿದು ಮೈಲಿಗಟ್ಟಲೆ ನಡೆದು ತೂಬಿನ ಬಳಿ ಹೋಗಿ ನೋಡಬೇಕು. ನೀರು ಬರದಿದ್ದರೆ ಯಾಕೆ ಬರಲಿಲ್ಲ ಎಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ನದಿ ಪಕ್ಕದಲ್ಲಿದ್ದರೂ ಈ ಚಿಂತೆ ತಪ್ಪಿದ್ದಲ್ಲ. ಗೋವಿನಕೋವಿ ಸೀಮೆಗೆ ತುಂಗಭದ್ರೆ ದೂರವೇನಲ್ಲ. ಆದರೆ ನದಿ ಹರಿಯುವುದು ತಗ್ಗಿನಲ್ಲಿ, ಕೆರೆ ಮತ್ತು ಹೊಲ ಇರುವುದು ಮೇಲೆ. ನೀರನ್ನು ಎತ್ತಲು ಮೋಟಾರು ಬೇಕು, ಕೊಳವೆ ಬೇಕು. ಸಾಸ್ವೆಹಳ್ಳಿ ಏತ ನೀರಾವರಿ ಯೋಜನೆ ಹುಟ್ಟಿದ್ದು ಈ ಕಾರಣಕ್ಕೆ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ಇದೇ ತುಂಗಭದ್ರೆಯಿಂದ ನೀರೆತ್ತಿ ಬರದ ಸೀಮೆ ಜಗಳೂರಿನ 57 ಕೆರೆಗಳಿಗೆ ಹರಿಸುವ ಯೋಜನೆ ರೂಪುಗೊಂಡದ್ದೂ ಇದೇ ಕಾರಣಕ್ಕೆ. ಇಂಥ ಕಡೆ ‘ನೀರು ಬಂತಾ’ ಎಂಬ ಪ್ರಶ್ನೆಯ ಹಿಂದೆ ಇನ್ನೂ ಮೂರು ಪ್ರಶ್ನೆಗಳಿರುತ್ತವೆ. ಮೋಟಾರು ಓಡುತ್ತಿದೆಯೇ? ಕೊಳವೆಯಲ್ಲಿ ಒತ್ತಡ ಇದೆಯೇ? ಗೇಟು ತೆರೆದಿದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಬಲ್ಲ ಯಂತ್ರವೊಂದು ದೊಡ್ಡ ಪಂಪ್‌ಹೌಸ್‌ಗಳ ಕಬ್ಬಿಣದ ಬೀರುವಿನೊಳಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ನೋಡಿದ್ದನ್ನು ನಾಲ್ಕು ಜನಕ್ಕೆ ತೋರಿಸುವಂತೆ ಮಾಡುವುದು ಹೇಗೆ? ತೋರಿಸುವ ಭರದಲ್ಲಿ ಕಂಡವರ ಕೈಗೆ ಮೋಟಾರಿನ ಗುಂಡಿ ಕೊಡದೆ ಇರುವುದು ಹೇಗೆ? ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳೂ, ‘ಇದನ್ನು ಓದಿದರೆ ಮುಂದೆ ಏನು’ ಎಂದು ಯೋಚಿಸುವ ತಂದೆತಾಯಿಗಳೂ ತಿಳಿದಿರಬೇಕಾದ ವಿಷಯ ಇದು.

ಬೀರುವಿನೊಳಗಿನ ನೀರುಗಂಟಿ

ಹಿಂದೆ ಕೆರೆಯ ತೂಬು ತೆಗೆದು ಹಾಕಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಕೆರೆ ಎಷ್ಟು ಇಳಿದರೆ ತೂಬು ಮುಚ್ಚಬೇಕು ಎಂಬ ಲೆಕ್ಕವೆಲ್ಲ ಅವನ ತಲೆಯಲ್ಲಿರುತ್ತಿತ್ತು. ಇಂದಿನ ಪಂಪ್‌ಹೌಸಿನಲ್ಲಿ ಆ ಕೆಲಸ ಮಾಡುವ ಪೆಟ್ಟಿಗೆಗೆ ‘ಪ್ರೊಗ್ರಾಮೆಬಲ್ ಲಾಜಿಕ್ ಕಂಟ್ರೋಲರ್’, ಚಿಕ್ಕದಾಗಿ ಪಿಎಲ್‌ಸಿ ಎಂದು ಹೆಸರು.

ಪಿಎಲ್‌ಸಿ ಹುಟ್ಟಿದ್ದು ನೀರಿಗಾಗಿ ಅಲ್ಲ, ಕಾರಿಗಾಗಿ. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ತನ್ನ ಕಾರ್ಖಾನೆಯಲ್ಲಿದ್ದ ನೂರಾರು ರಿಲೇಗಳ ಗೋಜಲಿಗೆ ಪರ್ಯಾಯ ಹುಡುಕುತ್ತಿತ್ತು. ಕಾರಿನ ಮಾದರಿ ಬದಲಾದಾಗಲೆಲ್ಲ ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗಿತ್ತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ಇದಕ್ಕೆ ಉತ್ತರವಾಗಿ ‘ಮಾಡಿಕಾನ್ 084’ ಎಂಬ ಯಂತ್ರ ತಯಾರಿಸಿದರು. ತಂತಿ ಮುಟ್ಟದೆ, ಒಳಗಿನ ಆದೇಶ ಬದಲಿಸಿದರೆ ಸಾಕು ಎಂಬುದೇ ಅದರ ಹೆಚ್ಚುಗಾರಿಕೆ.

ಅದರ ಕೆಲಸದ ಕ್ರಮ ಸರಳ. ಮೊದಲು ಸೆನ್ಸರ್‌ಗಳು ಏನು ಹೇಳುತ್ತಿವೆ ಎಂದು ಓದುತ್ತದೆ. ಆಮೇಲೆ ಕೊಟ್ಟಿರುವ ಆದೇಶಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೋಡುತ್ತದೆ. ಕೊನೆಗೆ ಮೋಟಾರಿಗೆ, ವಾಲ್ವಿಗೆ ಸೂಚನೆ ಕಳಿಸುತ್ತದೆ. ಇಷ್ಟು ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಈ ಒಂದು ಸುತ್ತು ಮುಗಿಯಲು ಕೆಲವು ಮಿಲಿಸೆಕೆಂಡು ಸಾಕು.

ಒಂದು ಉದಾಹರಣೆ ನೋಡಿ. ನದಿ ದಡದ ಜಾಕ್‌ವೆಲ್‌ನಲ್ಲಿ 10 ಮೀಟರ್ ಆಳ ಅಳೆಯುವ ಸೆನ್ಸರ್ ಇದೆ ಎನ್ನೋಣ. ಕಾರ್ಖಾನೆಗಳ ರೂಢಿಯಂತೆ ಅದು 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಕಳಿಸುತ್ತದೆ. 4 ಎಂದರೆ ಬಾವಿ ಖಾಲಿ, 20 ಎಂದರೆ ಪೂರ್ತಿ ಭರ್ತಿ, 12 ಎಂದರೆ ಸರಿಯಾಗಿ ಅರ್ಧ, ಅಂದರೆ 5 ಮೀಟರ್. ಸೊನ್ನೆಯಿಂದ ಏಕೆ ಶುರುಮಾಡಲಿಲ್ಲ? ತಂತಿ ತುಂಡಾದರೆ ವಿದ್ಯುತ್ ಸೊನ್ನೆಯಾಗುತ್ತದೆ. ಖಾಲಿ ಬಾವಿಗೂ ತುಂಡಾದ ತಂತಿಗೂ ವ್ಯತ್ಯಾಸ ತಿಳಿಯಲೆಂದೇ ಹಿರಿಯರು 4ರಿಂದ ಎಣಿಕೆ ಶುರು ಮಾಡಿದರು. ‘ಏನೂ ಇಲ್ಲ’ ಎನ್ನುವುದು ಬೇರೆ, ‘ಗೊತ್ತಿಲ್ಲ’ ಎನ್ನುವುದು ಬೇರೆ. ಈ ಭೇದ ಮುಂದೆಯೂ ಕೆಲಸಕ್ಕೆ ಬರುತ್ತದೆ.

ಮೂಕ ಯಂತ್ರಕ್ಕೆ ಬಾಯಿ

ಪಿಎಲ್‌ಸಿ ಕೆಲಸದಲ್ಲಿ ಗಟ್ಟಿಗ. ಆದರೆ ಬಹುಕಾಲ ಅದು ಮೂಕನಾಗಿತ್ತು. ಒಳಗೆ ಏನು ನಡೆದಿದೆ ಎಂದು ತಿಳಿಯಲು ಕಂಪನಿಯದೇ ಕೇಬಲ್, ಕಂಪನಿಯದೇ ಸಾಫ್ಟ್‌ವೇರ್ ಬೇಕು. ಇಲ್ಲವೇ ಕಂಟ್ರೋಲ್ ರೂಮಿನಲ್ಲಿ ‘ಸ್ಕಾಡಾ’ ಎಂಬ ವ್ಯವಸ್ಥೆಯ ಪರದೆ ಮುಂದೆ ಒಬ್ಬರು ಕೂರಬೇಕು.

1990ರ ದಶಕದ ಕೊನೆಯಲ್ಲಿ ಕಂಪನಿಗಳು ಹೊಸ ಹಾದಿ ಹಿಡಿದವು. ಪಿಎಲ್‌ಸಿ ಕೂರುವ ಚೌಕಟ್ಟಿನಲ್ಲೇ, ಅದರ ಪಕ್ಕದ ಖಾನೆಯಲ್ಲಿ, ಒಂದು ಪುಟ್ಟ ಕಂಪ್ಯೂಟರ್ ಕೂರಿಸಿದವು. ಇದೇ ವೆಬ್ ಸರ್ವರ್ ಮಾಡ್ಯೂಲ್. ಹೋಟೆಲಿನಲ್ಲಿ ಕೇಳಿದ್ದನ್ನು ಮಾಣಿ ಒಳಗಿಂದ ತಂದುಕೊಡುವಂತೆ, ಬ್ರೌಸರ್ ಕೇಳಿದ ಪುಟವನ್ನು ಸರ್ವರ್ ತಂದುಕೊಡುತ್ತದೆ. ಪುಟದಲ್ಲಿ ಬಾವಿಯ ಮಟ್ಟ, ಮೋಟಾರಿನ ಸ್ಥಿತಿ, ಒತ್ತಡ ಎಲ್ಲವೂ ಇರುತ್ತವೆ. ಬೇರೆ ಸಾಫ್ಟ್‌ವೇರ್ ಬೇಡ, ಮೊಬೈಲಿನ ಬ್ರೌಸರ್ ಸಾಕು. ಈಗಂತೂ ಅನೇಕ ಪಿಎಲ್‌ಸಿಗಳಲ್ಲಿ ಇದು ಹುಟ್ಟಿನಿಂದಲೇ ಒಳಗಿರುತ್ತದೆ. ಸೀಮೆನ್ಸ್ ಕಂಪನಿಯ ಎಸ್‌7-1200 ಇದಕ್ಕೊಂದು ನಿದರ್ಶನ. ಅದರಲ್ಲಿ ವೆಬ್ ಸರ್ವರ್ ಮೊದಲಿಗೆ ಮುಚ್ಚಿಯೇ ಇರುತ್ತದೆ, ಬೇಕೆಂದವರು ತಾವಾಗಿ ತೆರೆಯಬೇಕು. ಇದು ಜಾಣತನದ ಏರ್ಪಾಡು.

ಕೂರಿಸುವ ಬಗೆ

ಮಾಡ್ಯೂಲ್ ಯಾವ ಕಂಪನಿಯದಾದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ.

ಮೊದಲ ಹೆಜ್ಜೆ, ಜೋಡಣೆ. ಕರೆಂಟ್ ತೆಗೆದು ಮಾಡ್ಯೂಲನ್ನು ಖಾನೆಗೆ ಸೇರಿಸಬೇಕು. ಚಾಲ್ತಿಯಲ್ಲೇ ಸೇರಿಸಬಹುದಾದ ಮಾದರಿಗಳೂ ಇವೆ. ಆದರೆ ಕೈಪಿಡಿ ಓದದೆ ಆ ಧೈರ್ಯ ಬೇಡ.

ಎರಡನೆಯದು ವಿಳಾಸ. ಊರಿನಲ್ಲಿ ಮನೆಗೊಂದು ನಂಬರ್ ಇರುವಂತೆ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಇರಬೇಕು. ಪಿಎಲ್‌ಸಿ ಮಾಡ್ಯೂಲಿಗೆ 192.168.10.5 ಎಂದು ಕೊಟ್ಟಿರೆನ್ನಿ, ಸಬ್‌ನೆಟ್ ಮಾಸ್ಕ್ 255.255.255.0. ಆಗ ನಿಮ್ಮ ಲ್ಯಾಪ್‌ಟಾಪಿನ ವಿಳಾಸದ ಮೊದಲ ಮೂರು ಭಾಗ ಅದೇ ಇರಬೇಕು, ಕೊನೆಯದು ಮಾತ್ರ ಬೇರೆ, 192.168.10.50 ಆಗಬಹುದು. ಒಂದೇ ನಂಬರ್ ಎರಡು ಯಂತ್ರಕ್ಕೆ ಬಿದ್ದರೆ ಒಮ್ಮೆ ಪುಟ ಬರುತ್ತದೆ, ಒಮ್ಮೆ ಬರುವುದಿಲ್ಲ. ದಿನವಿಡೀ ತಲೆ ಕೆಡಿಸಿಕೊಂಡರೂ ಕಾರಣ ಸಿಗದ ತೊಂದರೆ ಇದು. ಆದ್ದರಿಂದ ಯಾವ ಯಂತ್ರಕ್ಕೆ ಯಾವ ವಿಳಾಸ ಎಂಬ ಪಟ್ಟಿ ಬರೆದು ಬೀರುವಿನ ಬಾಗಿಲ ಒಳಮೈಗೆ ಅಂಟಿಸುವುದು ಒಳ್ಳೆಯ ರೂಢಿ. ಪಾಸ್‌ವರ್ಡನ್ನು ಮಾತ್ರ ಅಲ್ಲಿ ಅಂಟಿಸಬೇಡಿ!

ಮೂರನೆಯದು ಆ ಪಾಸ್‌ವರ್ಡೇ. ಕಾರ್ಖಾನೆಯಿಂದ ಬರುವಾಗ ಕೆಲವು ಯಂತ್ರಗಳಿಗೆ ಎಲ್ಲರಿಗೂ ಗೊತ್ತಿರುವ ಒಂದು ಗುಪ್ತಪದ ಇರುತ್ತದೆ. ಕೈಪಿಡಿಯಲ್ಲೇ ಅಚ್ಚಾಗಿರುವ ಪದ ಗುಪ್ತವಾಗುವುದಾದರೂ ಹೇಗೆ? ಪುಟ ತೆರೆದ ಕೂಡಲೇ ಮಾಡಬೇಕಾದ ಕೆಲಸ ಅದನ್ನು ಬದಲಿಸುವುದು. ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರು, ಪ್ರತ್ಯೇಕ ಪದ ಕೊಡಬೇಕು. ಕೆಲಸ ಬಿಟ್ಟು ಹೋದವರ ಹೆಸರನ್ನು ಅಂದೇ ತೆಗೆಯಬೇಕು. ಪುಟದ ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಶುರುವಾಗುವಂತೆ ನೋಡಿಕೊಂಡರೆ ಹಾದಿಯಲ್ಲಿ ಪದ ಕದಿಯುವುದು ಕಷ್ಟವಾಗುತ್ತದೆ.

ನಾಲ್ಕನೆಯದು ಪುಟದ ಬರವಣಿಗೆ. ಪಿಎಲ್‌ಸಿಯ ನೆನಪಿನಲ್ಲಿರುವ ನೂರಾರು ಅಂಕಿಗಳಲ್ಲಿ ಯಾವುದನ್ನು ತೋರಿಸಬೇಕು? 13,824 ಎಂಬ ಕಚ್ಚಾ ಸಂಖ್ಯೆ ಯಾರಿಗೂ ಅರ್ಥವಾಗದು. ಅದನ್ನು ಮೀಟರಿಗೋ ಅಡಿಗೋ ಕ್ಯೂಸೆಕ್ಸ್‌ಗೋ ಪರಿವರ್ತಿಸಿ, ಪಕ್ಕದಲ್ಲಿ ಮಾನವನ್ನು ಬರೆಯಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಹಾಗೆಯೇ ‘ಪಂಪ್ ಟ್ರಿಪ್’ ಎಂಬುದರ ಬದಲು ‘ಎರಡನೇ ಮೋಟಾರು ನಿಂತಿದೆ, ಕಾರಣ ಅತಿಭಾರ’ ಎಂದು ಕನ್ನಡದಲ್ಲೇ ಬರೆಯಬಹುದು. ರಾತ್ರಿಪಾಳಿಯ ಆಪರೇಟರ್ ಓದುವ ಪುಟ ಅವನ ಭಾಷೆಯಲ್ಲಿದ್ದರೆ ತಪ್ಪು ಕಡಿಮೆ.

ಇಲ್ಲೊಂದು ಬಲೆ ಇದೆ. ಜಾಲ ಕಡಿದುಹೋದಾಗ ಕೆಲವು ಪುಟಗಳು ಕೊನೆಯ ಸಲ ಬಂದ ಅಂಕಿಯನ್ನೇ ತೋರಿಸುತ್ತ ಕೂರುತ್ತವೆ. ಬಾವಿ ಬತ್ತಿ ಒಂದು ಗಂಟೆ ಕಳೆದರೂ ಪರದೆಯಲ್ಲಿ 5 ಮೀಟರ್! ‘ಇಲ್ಲ’ ಮತ್ತು ‘ಗೊತ್ತಿಲ್ಲ’ಗಳ ಭೇದ ಇಲ್ಲಿ ಮತ್ತೆ ಬಂತು ನೋಡಿ. ಪರಿಹಾರ ಸುಲಭ. ಪಿಎಲ್‌ಸಿಯೊಳಗೆ ಪ್ರತಿ ಸೆಕೆಂಡಿಗೆ ಒಂದೊಂದು ಏರುವ ಎಣಿಕೆ ಇಡಿ. ಪುಟದಲ್ಲಿ ಆ ಎಣಿಕೆ ನಿಂತರೆ ‘ಮಾಹಿತಿ ಹಳೆಯದು’ ಎಂದು ಕೆಂಪಕ್ಷರ ಬರಲಿ. ನಾಡಿ ಹಿಡಿದು ನೋಡಿದಂತೆ ಇದು.

ಐದನೆಯದು ಪರೀಕ್ಷೆ. ಎಲ್ಲ ಸರಿಯಾಗಿದೆ ಎನ್ನಿಸಿದ ಮೇಲೆ, ಸಂಬಂಧಪಟ್ಟವರಿಗೆ ತಿಳಿಸಿ, ಮಾಡ್ಯೂಲಿನ ಕೇಬಲ್ ಕಿತ್ತು ನೋಡಬೇಕು. ಮೋಟಾರು ಎಂದಿನಂತೆ ಓಡುತ್ತಿರಬೇಕು. ಬಾವಿಯ ನೀರು ಇಳಿದರೆ ತಾನಾಗಿ ನಿಲ್ಲಬೇಕು. ಕಾಪಾಡುವ ಬುದ್ಧಿ ಪಿಎಲ್‌ಸಿಯಲ್ಲೇ ಇರಬೇಕು, ಪುಟದಲ್ಲಿ ಅಲ್ಲ. ವೆಬ್ ಪುಟ ಸತ್ತರೆ ಪಂಪ್‌ಹೌಸ್ ಸಾಯುವಂತಿದ್ದರೆ ಆ ಜೋಡಣೆ ತಪ್ಪು. ಕೊನೆಗೆ ಇಡೀ ಪ್ರೊಗ್ರಾಮಿನ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಟ್ಟರೆ ಕೆಲಸ ಮುಗಿಯಿತು.

ಬೀಗ ಹಾಕದ ಬಾಗಿಲು

ಪುಟದಲ್ಲಿ ಅಂಕಿ ತೋರಿಸುವುದು ಎಷ್ಟು ಸುಲಭವೋ, ‘ಮೋಟಾರು ನಿಲ್ಲಿಸು’ ಎಂಬ ಗುಂಡಿ ಇಡುವುದೂ ಅಷ್ಟೇ ಸುಲಭ. ಅಪಾಯ ಶುರುವಾಗುವುದು ಇಲ್ಲಿಂದ. ಈ ಯಂತ್ರಗಳು ಮಾತನಾಡುವ ಹಳೆಯ ಭಾಷೆಗಳಿಗೆ ಅಪರಿಚಿತರನ್ನು ಶಂಕಿಸುವ ಅಭ್ಯಾಸವಿಲ್ಲ. ಮಾಡಿಕಾನ್ ಕಂಪನಿ 1979ರಲ್ಲಿ ಹೊರತಂದ ‘ಮಾಡ್‌ಬಸ್’ ಇಂದಿಗೂ ಲೋಕದ ತುಂಬ ಬಳಕೆಯಲ್ಲಿದೆ. ಅದರ ಮೂಲರೂಪದಲ್ಲಿ ‘ನೀನು ಯಾರು’ ಎಂಬ ಪ್ರಶ್ನೆಯೇ ಇಲ್ಲ. ಬಂದವರೆಲ್ಲ ಮನೆಯವರೇ. ನಾಲ್ಕು ಗೋಡೆಯೊಳಗಿನ ಜಾಲದಲ್ಲಿ ಇದು ನಡೆಯಿತು. ಇಂಟರ್‌ನೆಟ್ಟಿನ ಸಂತೆಗೆ ತಂದು ನಿಲ್ಲಿಸಿದರೆ?

2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಅಲಿಕ್ವಿಪಾ ಎಂಬ ಊರಿನಲ್ಲಿ ಇದೇ ಆಯಿತು. ಅಲ್ಲಿನ ಕುಡಿಯುವ ನೀರಿನ ಒಂದು ಪಂಪಿಂಗ್ ಕೇಂದ್ರದ ಪಿಎಲ್‌ಸಿಗೆ ದೂರದೇಶದ ಕಿಡಿಗೇಡಿಗಳು ನುಗ್ಗಿ ಪರದೆಯ ಮೇಲೆ ತಮ್ಮ ಘೋಷಣೆ ಮೂಡಿಸಿದರು. ಸಿಬ್ಬಂದಿ ತಕ್ಷಣ ಯಂತ್ರದಿಂದ ಬಿಡಿಸಿ ಕೈಯಿಂದ ನಡೆಸಿದ್ದರಿಂದ ನೀರಿಗೆ ಕೇಡಾಗಲಿಲ್ಲ. ಈ ಸರಣಿ ದಾಳಿಗಳ ಬಗ್ಗೆ ಅಮೆರಿಕದ ಸರ್ಕಾರಿ ಸಂಸ್ಥೆಗಳು ಕೊಟ್ಟ ಎಚ್ಚರಿಕೆ ಓದಿದರೆ ನಗು ಬರುತ್ತದೆ, ಭಯವೂ ಆಗುತ್ತದೆ. ಯಂತ್ರಗಳು ನೇರವಾಗಿ ಇಂಟರ್‌ನೆಟ್‌ಗೆ ಒಡ್ಡಿಕೊಂಡಿದ್ದವು, ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಇತ್ತು: 1111.

ಹೊರಗಿನವರಷ್ಟೇ ಅಲ್ಲ, ಒಳಗು ತಿಳಿದವರೂ ಬೇಲಿಯೇ ಎದ್ದು ಹೊಲ ಮೇಯ್ದಂತೆ ಮಾಡಬಲ್ಲರು. 2000ದಲ್ಲಿ ಆಸ್ಟ್ರೇಲಿಯಾದ ಮರೂಚಿ ಎಂಬಲ್ಲಿ ಒಳಚರಂಡಿ ಪಂಪುಗಳು ಕಾರಣವಿಲ್ಲದೆ ನಿಲ್ಲತೊಡಗಿದವು. ಸುಮಾರು 8 ಲಕ್ಷ ಲೀಟರ್ ಕೊಳಚೆ ಉದ್ಯಾನ, ತೊರೆಗಳಿಗೆ ಹರಿಯಿತು. ಆ ನಿಯಂತ್ರಣ ವ್ಯವಸ್ಥೆ ಅಳವಡಿಸಿದ್ದ ಕಂಪನಿಯ ಮಾಜಿ ನೌಕರನೇ ಕಾರಿನಲ್ಲಿ ಕೂತು ರೇಡಿಯೊ ಮೂಲಕ ತಪ್ಪು ಆದೇಶ ಕಳಿಸುತ್ತಿದ್ದ. 2001ರಲ್ಲಿ ಅವನಿಗೆ 2 ವರ್ಷ ಜೈಲಾಯಿತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಹಾಗಾಗದಂತೆ ಮಾಡಬೇಕಾದ್ದು ಇಷ್ಟೆ. ಪಿಎಲ್‌ಸಿಯನ್ನು ನೇರವಾಗಿ ಇಂಟರ್‌ನೆಟ್‌ಗೆ ಜೋಡಿಸಬಾರದು. ದೂರದಿಂದ ಕೆಲಸ ಮಾಡಲೇಬೇಕಾದ ಎಂಜಿನಿಯರಿಗೆ ವಿಪಿಎನ್ ಎಂಬ ಬೀಗವಿರುವ ದಾರಿ ಇರಲಿ. ಜನರಿಗೆ ತೋರಿಸಬೇಕಾದ ಅಂಕಿಗಳ ನಕಲನ್ನು ಮಾತ್ರ ಬೇರೊಂದು ಕಂಪ್ಯೂಟರಿಗೆ ಕಳಿಸಿ, ಅಲ್ಲಿಂದ ತೋರಿಸಬೇಕು. ಮಾಹಿತಿ ಹೊರಗೆ ಹೋಗಬೇಕು, ಅದೇ ದಾರಿಯಲ್ಲಿ ಆದೇಶ ಒಳಗೆ ಬರಬಾರದು. ನೋಡಲು ಕಿಟಕಿ, ತಿರುಗಿಸಲು ಬೀಗ. ಈ ವಿದ್ಯೆಯ ಸಾರ ಇದೇ.

ನಾರಾಯಣಪುರದಿಂದ ಹೊಸಪೇಟೆಗೆ

‘ಇದೆಲ್ಲ ನಮ್ಮಲ್ಲಿ ನಡೆಯುತ್ತದೆಯೇ?’ ಎಂದು ಕೇಳಬಹುದು. ನಡೆದಿದೆ. ಕೃಷ್ಣಾ ನದಿಯ ನಾರಾಯಣಪುರ ಎಡದಂಡೆ ನಾಲೆಯ ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಖರ್ಚು ಸುಮಾರು 4,700 ಕೋಟಿ ರೂಪಾಯಿ. ನಾಲೆಯ ಸಾಮರ್ಥ್ಯ 10,000 ಕ್ಯೂಸೆಕ್ಸ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳಿಗೆ ಸಂಬಂಧಿಸಿದ್ದು. ಅಲ್ಲಿ ಗೇಟುಗಳು ಸ್ಕಾಡಾ ವ್ಯವಸ್ಥೆಗೆ ಸೇರಿವೆ. ನೀರಿನ ಮಟ್ಟ ಅಳೆದು, ದೂರದಿಂದಲೇ ಗೇಟು ಏರಿಸಿ ಇಳಿಸಿ, ಕೊನೆಭಾಗಕ್ಕೂ ಪಾಲು ಮುಟ್ಟಿಸಬೇಕೆಂಬುದು ಇದರ ಉದ್ದೇಶ.

ಆದರೆ ಯಂತ್ರದ ಮೋಹ ಅತಿಯಾಗಬಾರದು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹೊನ್ನಾಳಿಯ ಪಕ್ಕ ಹರಿಯುವ ಇದೇ ನದಿಯ ನೀರು ತುಂಬಿ ನಿಂತಿದ್ದ ಜಲಾಶಯ ಅದು. ಒತ್ತಡ ತಗ್ಗಿಸಲು 33 ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ತೂತು ಮುಚ್ಚಿದರು. ಎಷ್ಟೇ ಚಂದದ ಪುಟವಾದರೂ ಸರಪಳಿಗೆ ಗ್ರೀಸ್ ಹಚ್ಚುವುದಿಲ್ಲ, ತುಕ್ಕು ಕೆರೆಯುವುದಿಲ್ಲ. ಪರದೆ ನೋಡಬಲ್ಲ ಹುಡುಗನಿಗೆ ಗೇಟಿನ ಮೇಲೆ ಹತ್ತಿ ನೋಡುವ ಅಭ್ಯಾಸವೂ ಬೇಕು.

ಮಕ್ಕಳು ಏನು ಕಲಿಯಬೇಕು?

ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಶನ್, ಮೆಕಟ್ರಾನಿಕ್ಸ್ ಯಾವ ದಾರಿಯಿಂದ ಬಂದರೂ ಇಲ್ಲಿಗೆ ಬರಬಹುದು. ದಾವಣಗೆರೆಯಲ್ಲಿ 1951ರಿಂದ ನಡೆಯುತ್ತಿರುವ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿದೆ, ಆಚೀಚೆ ಪಾಲಿಟೆಕ್ನಿಕ್, ಐಟಿಐಗಳಿವೆ. ಕೆಲಸವೂ ನೀರಾವರಿಗೆ ಸೀಮಿತವಲ್ಲ. ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ, ಹಾಲಿನ ಡೇರಿ, ವಿದ್ಯುತ್ ಉಪಕೇಂದ್ರ, ಎಲ್ಲ ಕಡೆ ಇಂಥ ನಿಯಂತ್ರಣ ಯಂತ್ರಗಳು ಬೇಕು.

ಮೊದಲು ವಿದ್ಯುತ್ತಿನ ಪಾಠ ಗಟ್ಟಿಯಾಗಲಿ. ಆಮೇಲೆ ಏಣಿಯ ಚಿತ್ರದಂತಿರುವ ‘ಲ್ಯಾಡರ್ ಲಾಜಿಕ್’, ಆಮೇಲೆ ಐಪಿ ವಿಳಾಸ ಮತ್ತು ಜಾಲದ ಪಾಠ, ಕೊನೆಗೆ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್. ಕಲಿಯಲು ಸಾವಿರಾರು ರೂಪಾಯಿಯ ಪಿಎಲ್‌ಸಿಯೇ ಬೇಕೆಂದಿಲ್ಲ. ‘ಓಪನ್‌ಪಿಎಲ್‌ಸಿ’ ಎಂಬ ಉಚಿತ ಸಾಫ್ಟ್‌ವೇರನ್ನು ಮನೆಯ ಕಂಪ್ಯೂಟರಿನಲ್ಲೋ ‘ರಾಸ್ಪ್‌ಬೆರಿ ಪೈ’ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲೋ ನಡೆಸಬಹುದು. ಒಂದು ಬಕೆಟ್, ಒಂದು ಫ್ಲೋಟ್ ಸ್ವಿಚ್, 12 ವೋಲ್ಟಿನ ಪುಟ್ಟ ಪಂಪ್ ಇದ್ದರೆ ಹಿತ್ತಲಿನಲ್ಲೇ ಒಂದು ಏತ ನೀರಾವರಿ ಸಿದ್ಧ. ಬಕೆಟ್ ತುಂಬಿದಾಗ ಪಂಪ್ ನಿಲ್ಲಬೇಕು, ಮೊಬೈಲಿನಲ್ಲಿ ಮಟ್ಟ ಕಾಣಬೇಕು, ಮೊಬೈಲಿನಿಂದ ಯಾರೂ ಪಂಪ್ ಶುರುಮಾಡಲಾಗಬಾರದು. ಈ ಮೂರೂ ಸಾಧಿಸಿದ ವಿದ್ಯಾರ್ಥಿ ಅರ್ಧ ದಾರಿ ನಡೆದಂತೆ. 230 ವೋಲ್ಟಿನ ತಂತಿಯನ್ನು ಮಾತ್ರ ಮೇಷ್ಟರಿಲ್ಲದೆ ಮುಟ್ಟುವುದು ಬೇಡ.

ತಂದೆತಾಯಿಗಳಿಗೆ ಒಂದು ಮಾತು. ಮಗ ಅಥವಾ ಮಗಳು ಕಲಿತ ಹುರುಪಿನಲ್ಲಿ ಇಂಟರ್‌ನೆಟ್ಟಿನಲ್ಲಿ ಬೀಗವಿಲ್ಲದೆ ಕಾಣುವ ಯಾರದೋ ಯಂತ್ರವನ್ನು ತೆರೆದು ನೋಡುವ ಆಸೆ ಹುಟ್ಟಬಹುದು. ಬಾಗಿಲು ತೆರೆದಿದೆ ಎಂದು ಪರರ ಮನೆಗೆ ನುಗ್ಗುವುದು ಸರಿಯಲ್ಲ ಎಂದು ಹೇಳಿಕೊಡಿ. ಅನುಮತಿಯಿಲ್ಲದೆ, ದುರುದ್ದೇಶದಿಂದ ಪರರ ಕಂಪ್ಯೂಟರ್ ವ್ಯವಸ್ಥೆ ಪ್ರವೇಶಿಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ವಿಧಿಯಂತೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸರ್ಕಾರ ‘ಸಂರಕ್ಷಿತ’ ಎಂದು ಘೋಷಿಸಿದ ವ್ಯವಸ್ಥೆಯಾದರೆ 70ನೇ ವಿಧಿಯಂತೆ ಶಿಕ್ಷೆ 10 ವರ್ಷದವರೆಗೂ ಹೋಗುತ್ತದೆ.

ಜಲಾಶಯಗಳ ದಿನದ ಮಟ್ಟವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗಾಗಲೇ ಎಲ್ಲರಿಗೂ ತೋರಿಸುತ್ತಿದೆ. 186 ಅಡಿಯ ಭದ್ರಾ ಜಲಾಶಯ ಇಂದು ಎಷ್ಟು ತುಂಬಿದೆ ಎಂದು ಮೊಬೈಲಿನಲ್ಲಿ ನೋಡುವ ರೈತ ನಾಳೆ ತನ್ನ ಉಪನಾಲೆಯ ತೂಬಿನ ಲೆಕ್ಕವನ್ನೂ ಕೇಳುತ್ತಾನೆ. ಕೇಳುವುದು ನ್ಯಾಯವೇ. ತಲೆಭಾಗಕ್ಕೆ ಎಷ್ಟು ಹೋಯಿತು, ಕೊನೆಭಾಗಕ್ಕೆ ಎಷ್ಟು ಉಳಿಯಿತು ಎಂಬುದು ಎಲ್ಲರ ಕಣ್ಣಿಗೆ ಕಂಡರೆ ಜಗಳಕ್ಕೆ ಎಡೆ ಕಡಿಮೆ. ಆ ಪುಟವನ್ನು ಬರೆದು, ಅದರ ಹಿಂದಿನ ಬೀಗವನ್ನು ಸರಿಯಾಗಿ ಹಾಕುವವರು ದೂರದ ಊರಿನಿಂದಲೇ ಬರಬೇಕೆಂದಿಲ್ಲ. ನಾಲೆಯ ಬದಿಯ ಹಳ್ಳಿಯಲ್ಲಿ ಬೆಳೆದು, ನೀರಿಗಾಗಿ ಕಾದು ಗೊತ್ತಿರುವ ಹುಡುಗ ಹುಡುಗಿಯರಿಗಿಂತ ಈ ಕೆಲಸಕ್ಕೆ ಯೋಗ್ಯರು ಬೇರೆ ಯಾರಿದ್ದಾರೆ?